ಹಡಗು ಸಂಖ್ಯೆ ೨೧೨

ಹಲ್ ಪಟ್ಟಣ, ಹೆಸಲ್ ರಸ್ತೆ. ಹಿಂದೆ ಮೀನಿನ ಗೋದಾಮು,
ಈಗ ದಾಖಲೆಗಳ ಕೋಣೆ. ಗೋಡೆಗೆ ಇನ್ನೂ ಮೀನಿನ ವಾಸನೆಯಿದೆ
ಎನ್ನುತ್ತಾಳೆ ಡೋರೀನ್, ಸಂಬಳವಿಲ್ಲದೆ ದಿನವೂ ಬರುವ ಮುದುಕಿ.
ನನ್ನ ಮೂಗಿಗೆ ಬರೀ ರಟ್ಟು, ಧೂಳು, ಮಾಸಿದ ಶಾಯಿ.

ಎರಡು ಕೋಷ್ಟಕ ಹಾಕಿದೆ: ಹಡಗುಗಳದೊಂದು, ಆಳುಗಳದೊಂದು.
ಹಳೆಯ ರಿಜಿಸ್ಟರಿನ ನಂಬರುಗಳನ್ನೇ ಉಳಿಸಿಕೊಂಡೆ.

"ನಂಬರು ಯಾಕೆ? ಹಡಗಿಗೆ ಹೆಸರಿಲ್ಲವೆ?"
ಇದೆ. ಆದರೆ 'ಲಿನೆಟ್ ಸ್ಟಾರ್' ಎರಡಿದ್ದವು:
ಮೊದಲಿನದು ಗುಜರಿಗೆ ಹೋಯಿತು,
ಅದರ ಹೆಸರು ತೊಟ್ಟು ಮರುವರ್ಷ ಇನ್ನೊಂದು ನೀರಿಗಿಳಿಯಿತು.
ಆಳುಗಳಲ್ಲೋ ಮೂವರು ಜಾರ್ಜ್ ಪೆಕ್:
ಅಪ್ಪ, ಮಗ, ಹಿಂದಿನ ಬೀದಿಯವನೊಬ್ಬ.
ಹೆಸರು ಕೂಗಿದರೆ ಮೂವರೂ ತಿರುಗುತ್ತಾರೆ,
ನಂಬರಿಗೆ ತಿರುಗುವವನು ಒಬ್ಬನೇ.
ಪ್ರೈಮರಿ ಕೀ ಅಂದರೆ ಅಷ್ಟೇ.
ಖಾಲಿ ಬಿಡುವಂತಿಲ್ಲ, ಇನ್ನೊಬ್ಬರಿಗೆ ಕೊಡುವಂತಿಲ್ಲ,
ಸತ್ತನೆಂದು ಕಿತ್ತುಕೊಳ್ಳುವಂತಿಲ್ಲ.

ಆಳಿನ ಸಾಲಿನ ಕೊನೆಗೆ ಅವನ ಹಡಗಿನ ನಂಬರು:
ಅದು ಫಾರಿನ್ ಕೀ.
ಬೇರೆ ಮನೆಯ ಕೀಲಿ, ಇವನ ಕಿಸೆಯಲ್ಲಿ.
ಪರದೇಶಿ ಕೀಲಿ ಎಂದುಕೊಂಡೆ ಕನ್ನಡದಲ್ಲಿ,
ಆಮೇಲೆ ನಾಲಿಗೆ ಕಚ್ಚಿಕೊಂಡೆ.
ನಮ್ಮ ಮಾತಿನಲ್ಲಿ ಪರದೇಶಿ ಅಂದರೆ ಹೊರನಾಡಿನವನಷ್ಟೇ ಅಲ್ಲ,
ಹೇಳುವವರು ಕೇಳುವವರು ಇಲ್ಲದವನೂ ಹೌದು.

ಅಂಥವನೊಬ್ಬ ಸಿಕ್ಕಿದ. ಆರ್ಥರ್ ಟಾಸ್ಕರ್, ಅಡುಗೆಯವ,
ಹಡಗು ೨೧೨.
ಕೋಷ್ಟಕದಲ್ಲಿ ೨೧೧ ಇತ್ತು, ೨೧೩ ಇತ್ತು.
ಇಲ್ಲದ ಹಡಗಿಗೆ ಆಳು ಹತ್ತಿಸಲಾರೆ ಎಂದಿತು ಯಂತ್ರ.
ನಾನು ಓದಿ ಹೇಳಿದೆ. ಡೋರೀನ್ ಕನ್ನಡಕ ತೆಗೆದಳು.
ಮದುವೆಗೆ ಮುಂಚೆ ಅವಳೂ ಟಾಸ್ಕರ್.

"ಅಪ್ಪ ಹೊರಟ ದಿನ ಅಮ್ಮ ಬಟ್ಟೆ ಒಗೆಯುತ್ತಿರಲಿಲ್ಲ,
ಒಗೆದರೆ ಅವನೂ ಕೊಚ್ಚಿಹೋಗುತ್ತಾನಂತೆ.
ಆ ಸಲವೂ ಒಗೆದಿರಲಿಲ್ಲ."

ರಿಜಿಸ್ಟರಿನಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು.
ಕೆಟಲಿನ ಹಬೆ ಹಿಡಿದು, ಬೆಣ್ಣೆ ಸವರುವ ಚಾಕುವಿನಿಂದ
ಅವಳೇ ಬಿಡಿಸಿದಳು, ಉಸಿರು ಬಿಗಿಹಿಡಿದು.
ಒಳಗೆ ೨೧೨. ಎರಡನೆಯ ಲಿನೆಟ್ ಸ್ಟಾರ್.
ಅಡುಗೆಯವ ಹತ್ತಿದ. ಹಿಂದೆಯೇ ಇನ್ನು ಹತ್ತು ಮಂದಿ.

ಮಂಗಳವಾರ ಮೇಲಿನ ಕಚೇರಿಯ ಕೀತ್ ಬಂದ.
ಒಂದೇ ಹೆಸರು ಎರಡು ಸಲ ಬಂದಿದೆ, ತಪ್ಪು, ಎಂದು
ನಾನು ಬಾಯಿ ತೆರೆಯುವುದರೊಳಗೆ ೨೧೨ನ್ನು ಅಳಿಸಹೊರಟ.
ಪರದೆಯ ಮೇಲೆ ಕೆಂಪು ಸಾಲು:
ಅಳಿಸಲಾಗದು. ಇದನ್ನು ನೆಚ್ಚಿ ಹನ್ನೊಂದು ದಾಖಲೆಗಳಿವೆ.

ಡೋರೀನ್ ಬಾಗಿ ಓದಿದಳು. ಮತ್ತೊಮ್ಮೆ ಓದಿದಳು, ಗಟ್ಟಿಯಾಗಿ.
"ಈ ನಿಯಮ ಮಾಡಿದವರು ಯಾರು?"
ನಾನೇ, ಅಂದೆ.
"ತಡವಾಯಿತು ಕಣೆ," ಅಂದಳು,
ಕೆಟಲು ತುಂಬಿಸಲು ಎದ್ದಳು.