ಎದುರು ತೊಟ್ಟಿಲು

ಇಸ್ಸಿಕ್‌ಕುಲ್ ದಂಡೆಯ ಪಾರ್ಕಿನಲ್ಲಿ
ರಾಟೆತೊಟ್ಟಿಲು ಹಳೆಯದು,
ಒಬ್ಬರೇ ಹತ್ತಿದರೆ ವಾಲುತ್ತದೆ.
ಅದಕ್ಕೇ ಸೈರಾಕಾನ್
ಎದುರು ತೊಟ್ಟಿಲಲ್ಲಿ ಆಲೂಗಡ್ಡೆ ಮೂಟೆ ಕೂರಿಸುತ್ತಾಳೆ.
ಮೂಟೆಗೆ ಟಿಕೆಟ್ಟಿಲ್ಲ.

ಮ್ಯೂಸಿಯಮ್ಮಿಗೆ ಬೀಗ:
ಕೀಲಿಕೈ ಯಾರದೋ ಮದುವೆಗೆ ಹೋಗಿದೆ.
ಸಿನಿಮಾ ಮಂದಿರದಲ್ಲೀಗ ಕಂಬಳಿ ಅಂಗಡಿ.
ಐಜಿರೆಕ್, ಒಂಬತ್ತು ವರ್ಷ,
ಮುಷ್ಟಿಯಲ್ಲಿ ಬೆವೆತ ನಾಣ್ಯ ಹಿಡಿದು
ನೇರ ಇಲ್ಲಿಗೇ ಬಂದಳು.

ಅವಳು ಮೇಲೆ, ಮೂಟೆ ಕೆಳಗೆ.
ಮೂಟೆ ಮೇಲೆ, ಅವಳು ಕೆಳಗೆ.
‘ಏನೇನು ಕಂಡಿತೇ?’
‘ನಮ್ಮ ಕುದುರೆ. ಸೂರಿನ ಮೇಲೆ ಒಣಹಾಕಿದ ಏಪ್ರಿಕಾಟು.
ಆಮೇಲೆ ನೀರು, ನೀರು, ಬರೀ ನೀರು.’

ಸೆಪ್ಟೆಂಬರಿನಲ್ಲಿ ಪಾರ್ಕು ಮುಚ್ಚಿತು.
ಶೋರ್ಪೊ ಕುದಿಸಲು ಮೂಟೆ ಬಿಚ್ಚಿದಳು ಸೈರಾಕಾನ್.
ಬೇಸಗೆಯಿಡೀ ಊರು ನೋಡಿದ ಗಡ್ಡೆಗಳು
ಎಲ್ಲವೂ ಕಣ್ಣು ಬಿಟ್ಟಿದ್ದವು.

ಹೆಚ್ಚುವ ಮುನ್ನ
ಒಂದನ್ನು ಮಾತ್ರ
ಕಿಟಕಿಯತ್ತ ತಿರುಗಿಸಿಟ್ಟಳು.