ಮಕ್ಕಳ ಅಳತೆ

ಮಂಡಿಪೇಟೆಯ ಬಳೆಗಾರ ನನ್ನ ಕೈ ಹಿಂಡಿ ನೋಡಿ
ಮಕ್ಕಳ ಡಬ್ಬಿ ತೆಗೆದ.
ಆರ್ಕೆಸ್ಟ್ರಾದ ಕೊಟ್ರೇಶಣ್ಣನೂ ಅದೇ ಕೈ ನೋಡಿ ನಕ್ಕ:
"ಬೇಸ್ ಗಿಟಾರಿಗೆ ಇದೆಂಥ ಕೈಯವ್ವಾ,
ಕೀಬೋರ್ಡ್ ಕಲಿ."

ಕಲಿಯಲಿಲ್ಲ.
ಒಂದನೇ ಮೆಟ್ಟಿನಿಂದ ನಾಲ್ಕಕ್ಕೆ
ಕಿರುಬೆರಳನ್ನು ಎಳೆದೆಳೆದು
ಮಣಿಕಟ್ಟು ಬಾತು, ಅನ್ನ ಕಲಸಲೂ ಆಗದ ದಿನ
ಅಮ್ಮಿಗೆ ಬುತ್ತಿ ಕೊಡಲು ಹೋದೆ
ಮಂಡಕ್ಕಿ ಭಟ್ಟಿಗೆ.

ಬಾಣಲೆ ಅಗಲ, ಮರಳು ಕೆಂಡ,
ಅವಳೋ ನನ್ನಷ್ಟೇ ಗಿಡ್ಡ.
ಆಚೆ ತುದಿಯ ಅಕ್ಕಿ ಸೀಯುವ ಮೊದಲು
ಅವಳು ಕೈ ಚಾಚಲಿಲ್ಲ;
ಒಂದು ಹೆಜ್ಜೆ ಸರಿದಳು. ಮತ್ತೆ ಬಂದಳು.
ಅಷ್ಟೇ.

ರಾತ್ರಿ ಬೆಲ್ಟ್ ಬಿಗಿದು ಗಿಟಾರನ್ನು ಎದೆಗೇರಿಸಿದೆ.
ಹೆಬ್ಬೆರಳನ್ನು ಹಿಂದೆ ಸಡಿಲ ಬಿಟ್ಟೆ.
ಉಂಗುರ ಬೆರಳು ಕಿರಿಯವಳ ಜೊತೆಗೂಡಿ
ಒಂದೇ ತಂತಿ ಒತ್ತಿತು.
ದೂರದ ಸ್ವರಕ್ಕೆ ಇಡೀ ಕೈಯೇ ನಡೆದು ಹೋಯಿತು
ಹೆಪ್ಪಿಗೆ ಮೊಸರು ಕೇಳಲು
ಪಕ್ಕದ ಮನೆಗೆ ಹೋದಂತೆ.

ನಿನ್ನೆ ಹರಿಹರದಲ್ಲಿ ಮದುವೆ.
ಎರಡು ಗಂಟೆ ನುಡಿಸಿದೆ, ಬೆರಳಷ್ಟೇ ಬಿಸಿ,
ಮಣಿಕಟ್ಟು ತಣ್ಣಗೆ.
ಕೊಟ್ರೇಶಣ್ಣ ಏನೂ ಅನ್ನಲಿಲ್ಲ,
ಬಗ್ಗಿ ನನ್ನ ಪೆಟ್ಟಿಗೆಯ ದನಿ
ತಾನೇ ಒಂದು ಗೆರೆ ಏರಿಸಿದ.

ಹೊಸ ಬಳೆ ಬ್ಯಾಗಿನಲ್ಲೇ ಇದ್ದವು.
ತಂತಿಗೆ ತಾಗುತ್ತವೆ.