ಹಿಡಿ ಹಿಟ್ಟು

ಸಲಾಲದಲ್ಲಿ ಟ್ಯಾಕ್ಸಿಗೂ ಧೂಪದ ವಾಸನೆ.
ಹಾಫಾ ಸಂತೆಯಲ್ಲಿ ಮುದುಕಿಯರು
ಮರದ ಕಣ್ಣೀರು ತೂಗಿ ಮಾರುತ್ತಾರೆ;
ಇದನ್ನೇ ಹೊತ್ತು ಒಂಟೆಗಳು ನಡೆದಿರಬೇಕು
ಯೆರೂಸಲೇಮಿನ ಬೆಂಕಿಯವರೆಗೆ.

ನನ್ನ ಮೈಗೆ ಮಾತ್ರ ಹಿಟ್ಟಿನ ವಾಸನೆ.
ರಾತ್ರಿ ಎರಡಕ್ಕೆ ಖುಬ್ಜಿನ ಒಲೆ ಹೊತ್ತಿಸಿದರೆ
ಬೆಳಗಿನೊಳಗೆ ಎಂಟು ಮೂಟೆ.

ಶುಕ್ರವಾರದ ಆರಾಧನೆಯಲ್ಲಿ ಕರ್ಕಡ ಅಯ್ಯನವರು
ಮೋಶೆಯ ವಿಧಿ ಬಿಡಿಸಿ ಹೇಳುತ್ತಿದ್ದರು:
ಪಾಪ ಮಾಡಿದವನು ಕುರಿ ತರಲಿ.
ಕುರಿ ಇಲ್ಲವೆ, ಎರಡು ಬೆಳವಕ್ಕಿ.
ಅದಕ್ಕೂ ಗತಿಯಿಲ್ಲವೆ,
ಒಂದಿಷ್ಟು ಹಿಟ್ಟು ಸಾಕು.
ಎಣ್ಣೆ ಹೊಯ್ಯಬಾರದು, ಧೂಪ ಇಡಬಾರದು.
ಪಾಪದ ಹಿಟ್ಟು ಘಮಘಮಿಸಬಾರದು.

ರಕ್ತವಿಲ್ಲದೆ ಕ್ಷಮೆಯಿಲ್ಲ ಎಂದು
ಬೆಟಗೇರಿಯ ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಮಾಡಿದವ ನಾನು.
ಹಾಗಾದರೆ ಈ ಹಿಡಿ?

ಅಯ್ಯನವರು ಆಗಲೇ ಶಿಲುಬೆಗೆ ಬಂದಿದ್ದರು.
ಒಂದೇ ಸಲ, ಎಲ್ಲರಿಗಾಗಿ, ತೀರಿತು ಎಂದರು.
ಆಮೆನ್ ಅಂದೆ.
ಉಗುರಿನ ಸಂದಿಯಲ್ಲಿ ಬಿಳಿ.

ಗಲ್ಲಾದಲ್ಲಿ ನಲವತ್ತು ರಿಯಾಲ್ ಕಡಿಮೆ ಬಂದ ದಿನ
ಎಲ್ಲರೂ ರೊಕಿಬುಲನ ಕಡೆ ನೋಡಿದರು.
ನಾನೂ ನೋಡಿದೆ.
ನೋಟು ನನ್ನ ಕಾಲುಚೀಲದಲ್ಲಿತ್ತು.
ಅವನ ಸಂಬಳದಲ್ಲಿ ಹಿಡಿದುಕೊಂಡು
ಅವನನ್ನು ಚಿತ್ತಗಾಂಗಿಗೆ ಕಳಿಸಿಬಿಟ್ಟರು.

ವಿಧಿಯಲ್ಲಿ ಇದೂ ಇದೆ, ಅಯ್ಯನವರು ಆ ದಿನ ಓದದ್ದು:
ಕದ್ದದ್ದನ್ನು ಮೊದಲು ಹಿಂದೆ ಕೊಡು,
ಐದನೆಯ ಒಂದು ಪಾಲು ಸೇರಿಸಿ. ಆಮೇಲೆ ಬಾ.

ನಲವತ್ತಕ್ಕೆ ಎಂಟು.
ಎಕ್ಸ್‌ಚೇಂಜಿನ ಹುಡುಗಿ ಕೇಳಿದಳು,
ಕಳಿಸುವ ಕಾರಣ? ಸಂಸಾರವೋ ಉಡುಗೊರೆಯೋ?
ಸಾಲ ಅಂದೆ.
ಫಾರಮಿನ ಮೇಲೆ ನನ್ನ ಹೆಬ್ಬೆಟ್ಟಿನ ಹಿಟ್ಟು
ಊದಿ ಹಾರಿಸಿದಳು.

ಫೋನ್ ಮಾಡಿಲ್ಲ ಇನ್ನೂ.
ಎಣ್ಣೆ ಹೊಯ್ಯದ ಒಂದು ಮಾತನ್ನು
ಬಾಯೊಳಗೇ ನಾದುತ್ತಿದ್ದೇನೆ,
ಹದಕ್ಕೆ ಬರುತ್ತಿಲ್ಲ.